ಮೆತ್ತನೆ ಸ್ಪ್ರಿಂಗಿನ ಚಾಪ್‌ಮನ್

ಮ್ಯಾಥ್ಸ್ ಬ್ಯಾಕ್‌ಲಾಗ್ ಇಟ್ಕೊಂಡಿರೋ ನಮಗೆಲ್ಲ ಒಂದು ಸಮಾಧಾನದ ಸುದ್ದಿ. ಲೋಟಸ್ ಕಾರು ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ ಕೂಡ ಫೈನಲ್ ಗಣಿತ ಪೇಪರಿನಲ್ಲಿ ಫೇಲಾಗಿದ್ದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅವರು ಓದಿದ್ದು ಸ್ಟ್ರಕ್ಚರಲ್ ಎಂಜಿನಿಯರಿಂಗ್. 1949ರಲ್ಲಿ ಆ ಪೇಪರನ್ನು ಮತ್ತೆ ಬರೆದು ಡಿಗ್ರಿ ತಗೊಂಡರು.

1928ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಚಾಪ್‌ಮನ್, ಓದುವಾಗಲೇ ಒಂದು ಹಳೇ ಆಸ್ಟಿನ್ ಸೆವೆನ್ ಬಿಚ್ಚಿ ತಮ್ಮದೇ ಕಾರು ಮಾಡಿಕೊಂಡರು. 1952ರಲ್ಲಿ ಗೆಳತಿ ಹೇಜಲ್ ಕೊಟ್ಟ 25 ಪೌಂಡ್ ಸಾಲದಿಂದ ಕಂಪನಿ ಶುರುವಾಯ್ತು. ಮುಂದೆ ಅವರಿಬ್ಬರೂ ಮದುವೆಯಾದರು. ತಂದೆಯ ಹೋಟೆಲಿನ ಹಿಂದಿದ್ದ ಹಳೇ ಕುದುರೆ ಲಾಯವೇ ಮೊದಲ ವರ್ಕ್‌ಶಾಪ್.

ಆ ಕಾಲದಲ್ಲಿ ಸ್ಪೋರ್ಟ್ಸ್ ಕಾರು ಅಂದ್ರೆ ಗಟ್ಟಿ ಸ್ಪ್ರಿಂಗ್ ಅನ್ನೋ ನಂಬಿಕೆಯಿತ್ತು. ಚಾಪ್‌ಮನ್ ಅದನ್ನು ತಿರುಗಿಸಿದರು: ಚಾಸಿ ಗಟ್ಟಿ, ಸ್ಪ್ರಿಂಗ್ ಮೆತ್ತಗೆ. ಯಾಕೆ? ಸ್ಪ್ರಿಂಗ್ ತುಂಬಾ ಗಟ್ಟಿಯಿದ್ದರೆ ಉಬ್ಬು ಬಂದಾಗ ಚಕ್ರ ನೆಲ ಬಿಟ್ಟು ಹಾರುತ್ತೆ. ನೆಲ ಬಿಟ್ಟ ಟೈರಿಗೆ ಹಿಡಿತ ಎಲ್ಲಿಂದ ಬರಬೇಕು? ಮೆತ್ತನೆ ಸ್ಪ್ರಿಂಗ್ ಇದ್ದರೆ ಚಕ್ರ ರಸ್ತೆಯ ಏರಿಳಿತದ ಜೊತೆಗೇ ಹೋಗುತ್ತೆ. ಆದರೆ ಸ್ಪ್ರಿಂಗ್ ಒಂದೇ ಇದ್ದರೆ ಕಾರು ತೊಟ್ಟಿಲಿನ ಹಾಗೆ ತೂಗ್ತಾನೇ ಇರುತ್ತೆ. ಅದನ್ನು ನಿಲ್ಲಿಸೋದು ಶಾಕ್ ಅಬ್ಸಾರ್ಬರ್. ಅದರೊಳಗಿನ ಎಣ್ಣೆ ಸಣ್ಣ ತೂತುಗಳಲ್ಲಿ ನುಸುಳುವಾಗ ಕುಣಿತದ ಶಕ್ತಿ ಬಿಸಿಯಾಗಿ ಹೋಗುತ್ತೆ. ಅಡ್ಜಸ್ಟ್ ಮಾಡುವಂಥದ್ದಾದರೆ ನಾಬ್ ತಿರುಗಿಸಿ ಎಣ್ಣೆಯ ದಾರಿಯನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. 1962ರ ಲೋಟಸ್ ಎಲಾನ್ ಈ ಮೆತ್ತನೆ ಸ್ಪ್ರಿಂಗಿನ ವಿಚಾರಕ್ಕೆ ಒಳ್ಳೇ ಉದಾಹರಣೆ. ತೂಕ 700 ಕೆಜಿಗಿಂತ ಕಡಿಮೆ.

ಹಗುರ ಮಾಡೋ ಹುಚ್ಚಿಗೆ ಬೆಲೆಯೂ ಇತ್ತು. ಲೋಟಸ್ ಕಾರುಗಳು ಮುರಿಯುತ್ತವೆ ಅನ್ನೋ ಭಯ ಡ್ರೈವರುಗಳಿಗಿತ್ತು. 1970ರಲ್ಲಿ ಮೊಂಜಾದಲ್ಲಿ ಬ್ರೇಕ್ ಶಾಫ್ಟ್ ಮುರಿದು ಲೋಟಸ್ ಡ್ರೈವರ್ ಯೋಖೆನ್ ರಿಂಟ್ ತೀರಿಕೊಂಡರು. ಚಾಪ್‌ಮನ್‌ರನ್ನು ಮೆಚ್ಚುವ ನಾವು ಇದನ್ನು ಮರೆಯಬಾರದು.

1977ರ ಹೊತ್ತಿಗೆ ಅವರದೇ ಟೀಮ್ ಗಾಳಿಯ ಬಲದಿಂದ ಕಾರನ್ನು ನೆಲಕ್ಕೆ ಒತ್ತಿ ಹಿಡಿಯುವ ವಿನ್ಯಾಸ ತಂದಿತು. ಅಷ್ಟು ಒತ್ತಡಕ್ಕೆ ಮೆತ್ತನೆ ಸ್ಪ್ರಿಂಗ್ ಕುಸಿದೇ ಹೋಗುತ್ತೆ. ಹಾಗಾಗಿ ಕೆಲವೇ ವರ್ಷಗಳಲ್ಲಿ ಎಲ್ಲ ಟೀಮುಗಳ ಸ್ಪ್ರಿಂಗೂ ಕಲ್ಲಿನಂತೆ ಗಟ್ಟಿಯಾಯ್ತು, ಡ್ರೈವರುಗಳ ಬೆನ್ನು ಜಜ್ಜಿಹೋಯ್ತು. ಇದಕ್ಕೆ ಚಾಪ್‌ಮನ್ ಕೊಟ್ಟ ಉತ್ತರ 1981ರ ಲೋಟಸ್ 88. ಅದರಲ್ಲಿ ಎರಡು ಚಾಸಿ: ಗಾಳಿಯ ಭಾರ ಹೊರೋದಕ್ಕೆ ಒಂದು ಗಟ್ಟಿಯದ್ದು, ಡ್ರೈವರನ್ನು ಹೊರೋದಕ್ಕೆ ಒಂದು ಮೆತ್ತಗಿನದ್ದು. ಬೇರೆ ಟೀಮುಗಳು ತಕರಾರು ತೆಗೆದವು, ಕಾರು ಬ್ಯಾನ್ ಆಯ್ತು.

1982ರ ಡಿಸೆಂಬರಿನಲ್ಲಿ ಹೃದಯಾಘಾತದಿಂದ ಅವರು ತೀರಿಕೊಂಡಾಗ ವಯಸ್ಸು 54. ಲೋಟಸ್ ಆಗ, ಓಡುತ್ತಿರುವಾಗಲೇ ತಾನೇ ಹೊಂದಿಕೊಳ್ಳುವ ಆಕ್ಟಿವ್ ಸಸ್ಪೆನ್ಷನ್ ಮೇಲೆ ಕೆಲಸ ಮಾಡ್ತಿತ್ತು. ಅಂಥದೇ ಲೋಟಸ್‌ನಲ್ಲಿ 1987ರಲ್ಲಿ ಸೆನ್ನಾ ಮೊನಾಕೊ ರೇಸ್ ಗೆದ್ದರು. ಅದನ್ನು ನೋಡೋಕೆ ಚಾಪ್‌ಮನ್ ಇರಲಿಲ್ಲ.

ನಮ್ಮ ಕಾಲೇಜ್ ಟೀಮಿನ ಕಾರು ಕುಣಿದಾಗಲೆಲ್ಲ ನಾವು ಗಟ್ಟಿ ಸ್ಪ್ರಿಂಗ್ ಹುಡುಕ್ತೀವಿ. ಈ ಸಲ ಸ್ಪ್ರಿಂಗನ್ನು ಹಾಗೇ ಬಿಟ್ಟು, ಮೊದಲು ಶಾಕ್ ಅಬ್ಸಾರ್ಬರಿನ ನಾಬನ್ನು ಎರಡು ಕ್ಲಿಕ್ ತಿರುಗಿಸಿ ನೋಡೋಣ.