ತಪ್ಪು ಹುಡುಕಿದ ಹ್ಯಾಮಿಂಗ್

ನಮ್ಮ ಬನಹಟ್ಟಿಯಲ್ಲಿ ಒಂದು ಎಳೆ ಹರಿದರೂ ಅಪ್ಪ ಮಗ್ಗ ನಿಲ್ಲಿಸಿ ಹುಡುಕತಾನ. ರಿಚರ್ಡ್ ಹ್ಯಾಮಿಂಗ್ ಅವರ ಜೀವನ ಓದಿದಾಗ ನನಗೆ ಅದೇ ನೆನಪಾತು.

ಅವರು 1915ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಹುಟ್ಟಿದರು. 1946ರಲ್ಲಿ ಬೆಲ್ ಪ್ರಯೋಗಾಲಯ ಸೇರಿದರು. ರಜೆಯ ದಿನ ಗಣಕಯಂತ್ರಕ್ಕೆ ಲೆಕ್ಕ ಕೊಟ್ಟು ಹೋದರೆ, ಅದು ತಪ್ಪು ಕಂಡು ಲೆಕ್ಕವನ್ನು ಅರ್ಧಕ್ಕೇ ಬಿಡುತ್ತಿತ್ತು. ತಪ್ಪು ತಿಳಿಯುವ ಯಂತ್ರ ಅದನ್ನು ತಿದ್ದಲೂ ಬೇಕೆಂದು ಅವರು ಹಟ ಹಿಡಿದರು.

1011ರಲ್ಲಿ ಒಂದುಗಳು ಮೂರು. ಕೊನೆಗೆ ಇನ್ನೊಂದು 1 ಸೇರಿಸಿದರೆ ನಾಲ್ಕು, ಸಮ. ದಾರಿಯಲ್ಲಿ ಒಂದು ಅಂಕಿ ಬದಲಾದರೆ ಬೆಸ ಆಗಿ ತಪ್ಪು ಗೊತ್ತಾಗತೈತಿ. ಆದರೆ ಎಲ್ಲಿ ಅಂತ ತಿಳಿಯೂದಿಲ್ಲ. ಹ್ಯಾಮಿಂಗ್ 4 ಅಂಕಿಗೆ 3 ಕಾವಲು ಅಂಕಿ ಇಟ್ಟು ತಪ್ಪಿನ ಜಾಗವನ್ನೇ ಹಿಡಿದರು. 1950ರಲ್ಲಿ ಆ ವಿಧಾನ ಪ್ರಕಟಿಸಿದರು. 1998ರಲ್ಲಿ ತೀರಿಕೊಂಡರು.

ಈಗ ನಾನೂ ಲೆಕ್ಕ ಮಾಡಿ ತಾಳೆ ನೋಡತೀನಿ. ನೀವೂ ನೋಡ್ರಿ.