ಮರುಭೂಮಿಯ ಕಸ ಗುಡಿಸಿದ ಗಣಿತಜ್ಞೆ

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ನಾಸ್ಕಾ ಎಂಬ ಸಣ್ಣ ಊರಿದೆ. ಅದರ ಪಕ್ಕದಲ್ಲೇ ಹುಲ್ಲುಕಡ್ಡಿಯೂ ಬೆಳೆಯದ, ಕಣ್ಣು ಹಾಯಿಸಿದಷ್ಟೂ ಕಲ್ಲುಗಳೇ ತುಂಬಿದ ಬಯಲು. ಸುಮಾರು ಎಂಬತ್ತು ವರ್ಷಗಳ ಹಿಂದೆ ವಿದೇಶಿ ಮಹಿಳೆಯೊಬ್ಬರು ಉರಿಬಿಸಿಲಿನಲ್ಲಿ ಪೊರಕೆ ಹಿಡಿದು ಆ ಬಯಲನ್ನು ಗುಡಿಸತೊಡಗಿದರು. ಒಂದು ದಿನವಲ್ಲ, ಎರಡು ದಿನವಲ್ಲ, ವರ್ಷಗಟ್ಟಲೆ ಗುಡಿಸಿದರು. ಮರುಭೂಮಿಯ ಕಸ ಗುಡಿಸುವವರನ್ನು ಯಾರು ತಾನೇ ಕಂಡಿದ್ದಾರೆ? ಊರಿನ ಕೆಲವರು ಹುಚ್ಚಿ ಎಂದರು, ಇನ್ನು ಕೆಲವರು ಮಾಟಗಾತಿ ಎಂದರು. ಆಕೆಯ ಹೆಸರು ಮರಿಯಾ ರೈಖೆ. ಓದಿದ್ದು ಗಣಿತ.

ನಾಸ್ಕಾ ರೇಖೆಗಳ ಬಗ್ಗೆ ನಮ್ಮಲ್ಲಿ ಬಹಳಷ್ಟು ಮಂದಿ ಕೇಳಿರುತ್ತೇವೆ. ಜಗತ್ತಿನ ನಿಗೂಢ ಸ್ಥಳಗಳ ಯಾವ ಪಟ್ಟಿಯೂ ಅವಿಲ್ಲದೆ ಮುಗಿಯುವುದಿಲ್ಲ. ಸುಮಾರು 450 ಚದರ ಕಿಲೋಮೀಟರ್ ಪ್ರದೇಶದಲ್ಲಿ ಕಿಲೋಮೀಟರ್‌ಗಟ್ಟಲೆ ನೇರವಾಗಿ ಸಾಗುವ ಗೆರೆಗಳು, ತ್ರಿಕೋನಗಳು, ಸುರುಳಿಗಳು, ಜೊತೆಗೆ ಕೋತಿ, ಜೇಡ, ಝೇಂಕಾರ ಹಕ್ಕಿಯಂಥ ದೈತ್ಯ ಚಿತ್ರಗಳು ಇಲ್ಲಿವೆ. ಜೇಡದ ಉದ್ದವೇ ಸುಮಾರು 46 ಮೀಟರ್. ಕೋತಿ 90 ಮೀಟರ್ ದಾಟುತ್ತದೆ. ಇವನ್ನು ಬಿಡಿಸಿದ ವಿಧಾನ ಮಾತ್ರ ಬಹಳ ಸರಳ. ಬಯಲಿನ ಮೇಲ್ಪದರದ ಕಲ್ಲುಗಳು ಕಬ್ಬಿಣದ ಅಂಶದಿಂದ ಕಂದುಗೆಂಪು ಬಣ್ಣಕ್ಕೆ ತಿರುಗಿವೆ. ಅವನ್ನು ಪಕ್ಕಕ್ಕೆ ಸರಿಸಿದರೆ ಕೆಳಗಿನ ತಿಳಿಬಣ್ಣದ ಮಣ್ಣು ಕಾಣುತ್ತದೆ. ಅದೇ ಗೆರೆ. ಇಲ್ಲಿ ಮಳೆ ಬೀಳುವುದೇ ಅಪರೂಪ. ಹಾಗಾಗಿ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಗೆರೆಗಳು ಇಂದಿಗೂ ಉಳಿದಿವೆ.

ಮರಿಯಾ ಹುಟ್ಟಿದ್ದು 1903ರ ಮೇ 15ರಂದು, ಜರ್ಮನಿಯ ಡ್ರೆಸ್ಡೆನ್ ನಗರದಲ್ಲಿ. ತಂದೆ ನ್ಯಾಯಾಧೀಶರು. ಮೊದಲ ಮಹಾಯುದ್ಧ ಅವರನ್ನು ಬಲಿ ತೆಗೆದುಕೊಂಡಾಗ ಮರಿಯಾ ಇನ್ನೂ ಬಾಲಕಿ. ಮುಂದೆ ಡ್ರೆಸ್ಡೆನ್ ಮತ್ತು ಹ್ಯಾಂಬರ್ಗ್‌ಗಳಲ್ಲಿ ಗಣಿತ, ಭೌತಶಾಸ್ತ್ರ, ಭೂಗೋಳ ಓದಿದರು. ಆದರೆ ಅಂದಿನ ಜರ್ಮನಿಯಲ್ಲಿ ಕೆಲಸ ಸಿಗುವುದು ಕಷ್ಟವಿತ್ತು, ಸುತ್ತಲಿನ ರಾಜಕೀಯದ ಗಾಳಿಯೂ ಕೆಡುತ್ತಿತ್ತು. 1932ರಲ್ಲಿ ಪೆರುವಿನ ಕುಸ್ಕೊ ನಗರದಲ್ಲಿದ್ದ ಜರ್ಮನ್ ಕಾನ್ಸುಲ್ ಒಬ್ಬರ ಮಕ್ಕಳಿಗೆ ಮನೆಪಾಠ ಹೇಳುವ ಕೆಲಸ ಸಿಕ್ಕಿತು. ಮರಿಯಾ ಹಡಗು ಹತ್ತಿದರು. 

ಪೆರುವಿನ ಮೊದಲ ವರ್ಷಗಳು ಸುಖದ್ದೇನೂ ಆಗಿರಲಿಲ್ಲ. ಕಳ್ಳಿಯ ಮುಳ್ಳು ಚುಚ್ಚಿದ ಗಾಯ ಕೊಳೆತು, 1934ರಲ್ಲಿ ಒಂದು ಬೆರಳನ್ನೇ ಕತ್ತರಿಸಬೇಕಾಯಿತು. ಮುಂದೆ ನಾಸ್ಕಾದ ಬಯಲಿನಲ್ಲಿ ಅವರು ಅಳೆದ ಕೋತಿಯ ಕೈಗಳಲ್ಲೂ ಒಟ್ಟು ಒಂಬತ್ತೇ ಬೆರಳುಗಳಿದ್ದವು! ಇದು ಬರಿಯ ಕಾಕತಾಳೀಯ. ಆದರೂ ಅವರ ಬದುಕಿನ ಕಥೆ ಹೇಳುವವರು ಯಾರೂ ಇದನ್ನು ಬಿಡುವುದಿಲ್ಲ.

ಕುಸ್ಕೊದ ಕೆಲಸ ಬಿಟ್ಟ ಮೇಲೆ ಮರಿಯಾ ರಾಜಧಾನಿ ಲಿಮಾಕ್ಕೆ ಬಂದರು. ಭಾಷಾಪಾಠ ಹೇಳುತ್ತಾ, ವೈಜ್ಞಾನಿಕ ಬರಹಗಳನ್ನು ಅನುವಾದಿಸುತ್ತಾ ಹೊಟ್ಟೆ ಹೊರೆದರು. ಆ ಅನುವಾದವೇ ಅವರನ್ನು ಅಮೆರಿಕದ ಇತಿಹಾಸಕಾರ ಪಾಲ್ ಕೊಸೊಕ್ ಅವರ ಬಳಿಗೆ ಕರೆದೊಯ್ದಿತು. ಪ್ರಾಚೀನ ಪೆರುವಿನ ನೀರಾವರಿ ಕಾಲುವೆಗಳನ್ನು ಅಧ್ಯಯನ ಮಾಡಲು ಬಂದಿದ್ದ ಕೊಸೊಕ್, ನಾಸ್ಕಾದ ಗೆರೆಗಳೂ ಕಾಲುವೆಗಳಿರಬಹುದೆಂದು ನೋಡಲು ಹೋದರು. ಪೆರುವಿನ ಪುರಾತತ್ವಜ್ಞ ತೊರಿಬಿಯೊ ಮೆಹಿಯಾ ಶೆಸ್ಪೆ 1927ರಲ್ಲೇ ಈ ಗೆರೆಗಳನ್ನು ಗುರುತಿಸಿದ್ದರು. ಕೊಸೊಕ್ ನೋಡಿದಾಗ ಅವು ನೀರು ಹರಿಯುವಷ್ಟು ಆಳವಿರಲಿಲ್ಲ. ಅದು ಜೂನ್ ತಿಂಗಳು, ಭೂಮಿಯ ಆ ಭಾಗದಲ್ಲಿ ವರ್ಷದ ಅತಿ ಸಣ್ಣ ಹಗಲಿನ ಸಮಯ. ಒಂದು ಗೆರೆಯ ತುದಿಗೆ ಸರಿಯಾಗಿ ಸೂರ್ಯ ಮುಳುಗುತ್ತಿರುವುದು ಅವರ ಕಣ್ಣಿಗೆ ಬಿತ್ತು. ಇದು ನೆಲದ ಮೇಲೆ ಬರೆದ ಪಂಚಾಂಗವಿರಬಹುದೇ? ಈ ಪ್ರಶ್ನೆಯನ್ನು ಗಣಿತ ಬಲ್ಲ ತಮ್ಮ ಸಹಾಯಕಿಗೆ ಒಪ್ಪಿಸಿದರು. ಮರಿಯಾ ಬದುಕಿಡೀ ಆ ಪ್ರಶ್ನೆಯನ್ನು ಕೆಳಗಿಡಲಿಲ್ಲ.

ಎರಡನೇ ಮಹಾಯುದ್ಧದ ಕಾಲದಲ್ಲಿ ಪೆರುವಿನಲ್ಲಿದ್ದ ಜರ್ಮನ್ನರ ಓಡಾಟಕ್ಕೆ ನಿರ್ಬಂಧವಿತ್ತು. ಯುದ್ಧ ಮುಗಿದ ಮೇಲೆ, 1946ರಲ್ಲಿ ಮರಿಯಾ ನಾಸ್ಕಾಕ್ಕೆ ಮರಳಿ ಕೆಲಸ ಶುರು ಮಾಡಿದರು. 1948ರಲ್ಲಿ ಕೊಸೊಕ್ ಪೆರು ಬಿಟ್ಟು ಹೋದರು. ಮರಿಯಾ ಒಬ್ಬರೇ ಉಳಿದರು. ವಿದ್ಯುತ್ತಾಗಲಿ ನಲ್ಲಿ ನೀರಾಗಲಿ ಇಲ್ಲದ ಪುಟ್ಟ ಕೋಣೆಯೇ ಮನೆ. ಕೈಯಲ್ಲಿದ್ದದ್ದು ಅಳತೆಯ ಟೇಪು, ದಿಕ್ಸೂಚಿ, ಕೋನ ಅಳೆಯುವ ಉಪಕರಣ, ಎತ್ತರದಿಂದ ನೋಡಲು ಒಂದು ಏಣಿ ಮತ್ತು ಆ ಪೊರಕೆ. ನೂರಾರು ವರ್ಷಗಳ ಧೂಳು ಗೆರೆಗಳ ಮೇಲೆ ಕೂತು ಅವು ಮಸುಕಾಗಿದ್ದವು. ಗುಡಿಸಿದರೆ ಮಾತ್ರ ಗೆರೆ ಎತ್ತ ಹೋಗುತ್ತದೆ ಎಂದು ತಿಳಿಯುತ್ತಿತ್ತು. ಹಾಗೆ ಗುಡಿಸುತ್ತಾ ಹೋದಂತೆ ಒಂದು ಬಾಗಿದ ಗೆರೆ ಬಾಲವಾಯಿತು, ಇನ್ನೊಂದು ಕೈಯಾಯಿತು.

ಪೆರುವಿನ ವಾಯುಪಡೆ ಆಕಾಶದಿಂದ ಚಿತ್ರ ತೆಗೆಯಲು ನೆರವಾಯಿತು. ಒಮ್ಮೆ ಒಳ್ಳೆಯ ಫೋಟೊಗಳಿಗಾಗಿ ಮರಿಯಾ ತಮ್ಮನ್ನು ಹೆಲಿಕಾಪ್ಟರಿನ ಹೊರಭಾಗಕ್ಕೆ ಕಟ್ಟಿಸಿಕೊಂಡು ಹಾರಿದ್ದೂ ಉಂಟು.

ಆಕೆಯ ಕಣ್ಣಿಗೆ ಬಿದ್ದದ್ದು ಚಿತ್ರಗಳ ಸೊಬಗು ಮಾತ್ರವಲ್ಲ, ಅದರ ಹಿಂದಿನ ಲೆಕ್ಕ. ಹಲವು ಪ್ರಾಣಿಗಳ ಚಿತ್ರಗಳು ನಮ್ಮ ಎಳೆ ರಂಗೋಲಿಯ ಹಾಗೆ, ಎಲ್ಲೂ ಕಡಿಯದ ಒಂದೇ ಗೆರೆಯಲ್ಲಿ ಮೂಡಿವೆ. ಒಂದು ವ್ಯತ್ಯಾಸವೆಂದರೆ ಇಲ್ಲಿ ಗೆರೆ ತನ್ನನ್ನು ತಾನೇ ದಾಟುವುದಿಲ್ಲ. ಗೂಟ ನೆಟ್ಟು, ಹಗ್ಗ ಎಳೆದು, ಕಂಸಗಳನ್ನು ಒಂದಕ್ಕೊಂದು ಜೋಡಿಸಿ ಈ ತಿರುವುಗಳನ್ನು ರಚಿಸಿದ್ದಾರೆ ಎಂದು ಮರಿಯಾ ಲೆಕ್ಕ ಹಾಕಿ ತೋರಿಸಿದರು. ಅಂದರೆ ಇದನ್ನು ಬಿಡಿಸಿದವರು ಅಕ್ಷರ ಬಾರದಿದ್ದರೂ ರೇಖಾಗಣಿತ ಬಲ್ಲ ಜನ. 1949ರಲ್ಲಿ ಅವರ ಮೊದಲ ಪುಸ್ತಕ ಹೊರಬಂತು.

ಗೆರೆಗಳು ಸೂರ್ಯ, ನಕ್ಷತ್ರಗಳ ಉದಯಾಸ್ತಗಳನ್ನು ಸೂಚಿಸುತ್ತವೆ ಎಂಬುದು ಅವರ ದೃಢ ನಂಬಿಕೆ. ಕೋತಿಯ ಚಿತ್ರ ಸಪ್ತರ್ಷಿ ಮಂಡಲವನ್ನು ಸೂಚಿಸುತ್ತದೆ ಎಂದೂ ವಾದಿಸಿದರು.

ಗೆರೆಗಳನ್ನು ಅಳೆಯುವುದಕ್ಕಿಂತ ಕಷ್ಟದ ಕೆಲಸ ಅವನ್ನು ಉಳಿಸುವುದಾಗಿತ್ತು. ಅಲ್ಲಿ ಏನಿದೆಯೆಂಬ ಅರಿವಿಲ್ಲದೆ ಹಾಕಿದ್ದ ಪ್ಯಾನ್ ಅಮೆರಿಕನ್ ಹೆದ್ದಾರಿ ಹಲ್ಲಿಯ ಚಿತ್ರವೊಂದನ್ನು ಎರಡು ತುಂಡು ಮಾಡಿತ್ತು. 1950ರ ದಶಕದಲ್ಲಿ ಬಯಲಿಗೆ ನೀರು ಹರಿಸಿ ಬೇಸಾಯ ಮಾಡುವ ಯೋಜನೆ ಬಂದಾಗ ಮರಿಯಾ ಅದರ ವಿರುದ್ಧ ನಿಂತರು. ಬಯಲು ಉಳಿಯಿತು. 1968ರಲ್ಲಿ ಎರಿಕ್ ಫಾನ್ ಡೆನಿಕೆನ್ ಎಂಬ ಲೇಖಕರು ಅನ್ಯಗ್ರಹದವರು ಭೂಮಿಗೆ ಬಂದಿದ್ದರೆಂದು ವಾದಿಸುವ ಪುಸ್ತಕ ಬರೆದು, ನಾಸ್ಕಾದ ಗೆರೆಗಳನ್ನೂ ಅದರೊಳಗೆ ಎಳೆತಂದರು. ಪುಸ್ತಕ ಬಿಸಿ ದೋಸೆಯಂತೆ ಮಾರಾಟವಾಯಿತು. ಕುತೂಹಲದಿಂದ ಬಂದವರ ಜೀಪು, ಬೈಕುಗಳು ಗೆರೆಗಳ ಮೇಲೇ ಓಡಿದವು. ಸಾವಿರಾರು ವರ್ಷ ಗೆರೆಗಳನ್ನು ಕಾಪಾಡಿದ ಆ ಒಣ ನೆಲ ಚಕ್ರದ ಗುರುತನ್ನೂ ಅಷ್ಟೇ ಜೋಪಾನವಾಗಿ ಉಳಿಸಿಕೊಳ್ಳುತ್ತದೆ!

ಮರಿಯಾ ಅನ್ಯಗ್ರಹದ ಕಥೆಯನ್ನು ಒಪ್ಪಲಿಲ್ಲ. ಅಂಥ ಮೆತ್ತನೆಯ ನೆಲದಲ್ಲಿ ಯಾವ ನೌಕೆ ಇಳಿದರೂ ಹೂತುಹೋಗುತ್ತದೆ ಎಂಬುದು ಅವರ ನೇರ ಉತ್ತರ. ವಾದ ಮಾಡುತ್ತಾ ಕೂರದೆ, ಪುಸ್ತಕದಿಂದ ಬಂದ ಹಣದಲ್ಲಿ ಕಾವಲುಗಾರರನ್ನು ನೇಮಿಸಿದರು. ಜನ ಗೆರೆ ತುಳಿಯದೆ ನೋಡಲಿ ಎಂದು 1976ರಲ್ಲಿ ಹೆದ್ದಾರಿಯ ಪಕ್ಕ ಸ್ವಂತ ಖರ್ಚಿನಲ್ಲಿ ವೀಕ್ಷಣಾ ಗೋಪುರ ಕಟ್ಟಿಸಿದರು.

ಹಾಗಾದರೆ ಅವರು ಹೇಳಿದ ಉತ್ತರ ಸರಿಯೇ? ಸ್ಟೋನ್‌ಹೆಂಜ್ ಅಧ್ಯಯನದಿಂದ ಹೆಸರು ಮಾಡಿದ್ದ ಖಗೋಳ ವಿಜ್ಞಾನಿ ಜೆರಾಲ್ಡ್ ಹಾಕಿನ್ಸ್ 1968ರಲ್ಲಿ ನಾಸ್ಕಾಕ್ಕೆ ಬಂದು, ಗೆರೆಗಳ ದಿಕ್ಕುಗಳನ್ನು ಕಂಪ್ಯೂಟರಿಗೆ ಕೊಟ್ಟು ಪರೀಕ್ಷಿಸಿದರು. ಸೂರ್ಯ, ಚಂದ್ರ, ನಕ್ಷತ್ರಗಳಿಗೆ ಹೊಂದುವ ಗೆರೆಗಳ ಸಂಖ್ಯೆ ಆಕಸ್ಮಿಕವಾಗಿ ಸಿಗುವುದಕ್ಕಿಂತ ಹೆಚ್ಚೇನೂ ಇರಲಿಲ್ಲ. ಆಮೇಲೆ ಬಂದ ಹಲವು ಸಂಶೋಧಕರು ಈ ಗೆರೆಗಳನ್ನು ನೀರಿಗಾಗಿ ಮಾಡುತ್ತಿದ್ದ ಪೂಜೆಗಳಿಗೆ, ಜನ ಸಾಲಾಗಿ ನಡೆದು ಹೋಗುವ ಆಚರಣೆಗಳಿಗೆ ಜೋಡಿಸಿದರು. ಮರಿಯಾ ಮಾತ್ರ ಕೊನೆಯವರೆಗೂ ತಮ್ಮ ನಿಲುವಿಗೇ ಅಂಟಿಕೊಂಡರು.

ಅವರ ಬದುಕಿನಲ್ಲಿ ನನಗೆ ದೊಡ್ಡದಾಗಿ ಕಾಣುವುದು ಇದೇ. ಐದು ದಶಕ ಹುಡುಕಿದ ಉತ್ತರವನ್ನು ಹೆಚ್ಚಿನ ವಿದ್ವಾಂಸರು ಇಂದು ಒಪ್ಪುವುದಿಲ್ಲ. ಆದರೆ ಆ ಉತ್ತರವನ್ನು ತಪ್ಪೆನ್ನಲು ಬೇಕಾದ ಗೆರೆಗಳು ಇಂದು ಉಳಿದಿರುವುದೇ ಆಕೆಯಿಂದ. ರಹಸ್ಯ ಬಿಡಿಸಿದೆನೆಂದು ಸಾರಿದವರ ಹಿಂದೆ ಜೀಪುಗಳು ಬಂದವು. ಬಿಡಿಸಲಾಗದೆ ಹೋದವರು ಅದನ್ನು ಮುಂದಿನವರಿಗೆ ಜೋಪಾನ ಮಾಡಿ ಕೊಟ್ಟರು. ನಿಗೂಢ ಜಾಗಗಳ ವಿಡಿಯೊಗಳನ್ನು ರಾತ್ರಿಯಿಡೀ ನೋಡುವ ನಮ್ಮ ಪೀಳಿಗೆಗೆ ಈ ವ್ಯತ್ಯಾಸ ತಿಳಿದಿರಬೇಕು. ಎರಡು ಸಾವಿರ ವರ್ಷಗಳ ಹಿಂದಿನ ರೈತರು, ನೇಕಾರರು, ಕುಂಬಾರರು ಗೂಟ ಮತ್ತು ಹಗ್ಗದಿಂದ ಮಾಡಿದ ಕೆಲಸವನ್ನು ಅನ್ಯಗ್ರಹದವರ ಲೆಕ್ಕಕ್ಕೆ ಬರೆದರೆ ಅದು ಆ ಜನರಿಗೆ ಮಾಡುವ ಅವಮಾನ. ಮರಿಯಾ ಅವರನ್ನು ಗಣಿತ ಬಲ್ಲವರೆಂದು ನಂಬಿದರು. ಆ ನಂಬಿಕೆ ಮಾತ್ರ ಸುಳ್ಳಾಗಲಿಲ್ಲ.

ವಯಸ್ಸಾದಂತೆ ಮರಿಯಾರ ಕಣ್ಣು ಮಂಜಾಯಿತು, ಪಾರ್ಕಿನ್ಸನ್ ಕಾಯಿಲೆ ಅಂಟಿತು, ಗಾಲಿಕುರ್ಚಿ ಬಂತು. ವೈದ್ಯೆಯಾಗಿದ್ದ ತಂಗಿ ರೆನಾಟೆ ಜರ್ಮನಿಯಿಂದ ಬಂದು ಜೊತೆಗೆ ನಿಂತರು. ನಾಸ್ಕಾದ ಹೋಟೆಲೊಂದು ಅವರಿಗೆ ಉಳಿಯಲು ಕೋಣೆ ಕೊಟ್ಟಿತು. ಸಂಜೆ ಅಲ್ಲಿಗೆ ಬಂದ ಪ್ರವಾಸಿಗರಿಗೆ ಅವರು ಗೆರೆಗಳ ಕಥೆ ಹೇಳುತ್ತಿದ್ದರು. ಒಂದು ಕಾಲಕ್ಕೆ ಹುಚ್ಚಿ ಎನಿಸಿಕೊಂಡವರಿಗೆ ಪೆರು ತನ್ನ ಪೌರತ್ವವನ್ನೂ ಅತ್ಯುನ್ನತ ಗೌರವವನ್ನೂ ನೀಡಿತು. 1994ರಲ್ಲಿ ನಾಸ್ಕಾ ರೇಖೆಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 1998ರ ಜೂನ್ 8ರಂದು, 95ನೇ ವಯಸ್ಸಿನಲ್ಲಿ ಮರಿಯಾ ಲಿಮಾದಲ್ಲಿ ತೀರಿಕೊಂಡರು. ಅವರನ್ನು ನಾಸ್ಕಾದ ಬಳಿಯೇ ಮಣ್ಣು ಮಾಡಲಾಯಿತು. ವಾಸವಿದ್ದ ಪುಟ್ಟ ಮನೆ ಈಗ ವಸ್ತುಸಂಗ್ರಹಾಲಯ.

ನಮ್ಮಲ್ಲಿ ಅನೇಕರು ಆಗಿನ್ನೂ ಹುಟ್ಟಿರಲಿಲ್ಲ. ಆದರೆ ಕೆಲಸ ನಿಂತಿಲ್ಲ. 2024ರಲ್ಲಿ ಜಪಾನಿನ ಯಮಗಾತ ವಿಶ್ವವಿದ್ಯಾಲಯದ ತಂಡ ಕೃತಕ ಬುದ್ಧಿಮತ್ತೆಯ ನೆರವಿನಿಂದ 303 ಹೊಸ ಚಿತ್ರಗಳನ್ನು ಪತ್ತೆ ಮಾಡಿತು. ಅಪಾಯವೂ ನಿಂತಿಲ್ಲ. 2014ರಲ್ಲಿ ಪರಿಸರ ಸಂದೇಶ ಸಾರಲು ಹೋದ ಕಾರ್ಯಕರ್ತರೇ ಝೇಂಕಾರ ಹಕ್ಕಿಯ ಪಕ್ಕ ಹೆಜ್ಜೆಗುರುತು ಮೂಡಿಸಿ ಬಂದರು. ಉದ್ದೇಶ ಒಳ್ಳೆಯದಿದ್ದರೂ ಆ ನೆಲಕ್ಕೆ ಅದು ತಿಳಿಯುವುದಿಲ್ಲ, ಹೆಜ್ಜೆ ಮಾತ್ರ ಉಳಿಯುತ್ತದೆ. ಮರಿಯಾ ಅಲ್ಲಿ ಅರ್ಧ ಶತಮಾನ ಓಡಾಡಿದರು. ಅವರು ಬಿಟ್ಟುಹೋದದ್ದು ಗುಡಿಸಿದ ಗೆರೆಗಳನ್ನು ಮಾತ್ರ.