ಆಗ್ನೆಸ್ ಪೊಕೆಲ್ಸ್

ಆಗ್ನೆಸ್ ಪೊಕೆಲ್ಸ್ (ಫೆಬ್ರವರಿ ೧೪, ೧೮೬೨ – ನವೆಂಬರ್ ೨೧, ೧೯೩೫) ನೀರಿನ ಮೇಲೆ ಹರಡುವ ತೆಳು ಅಣುಪದರಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದ ಜರ್ಮನ್ ವಿಜ್ಞಾನಿ. ವೆನಿಸ್‌ನಲ್ಲಿ ಜನಿಸಿದ ಇವರು ಬೆಳೆದದ್ದು ಬ್ರೌನ್‌ಶ್ವೈಗ್ ನಗರದಲ್ಲಿ. ಆಗ ಅಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಮಹಿಳೆಯರಿಗೆ ಪ್ರವೇಶವಿರಲಿಲ್ಲ. ಮುಂದೆ ಅವಕಾಶ ತೆರೆದಾಗ ಹೆತ್ತವರು ಒಪ್ಪಲಿಲ್ಲ. ಮನೆಗೆಲಸ ಮತ್ತು ಅಸ್ವಸ್ಥ ತಂದೆತಾಯಿಯರ ಆರೈಕೆಯ ನಡುವೆ, ಭೌತವಿಜ್ಞಾನ ಓದುತ್ತಿದ್ದ ತಮ್ಮ ಫ್ರೀಡ್ರಿಕ್ ಒದಗಿಸಿದ ಪುಸ್ತಕಗಳಿಂದಲೇ ಇವರು ಕಲಿತರು.

ಇವರ ಉಪಕರಣ ೭೦ ಸೆಂ.ಮೀ. ಉದ್ದ, ೫ ಸೆಂ.ಮೀ. ಅಗಲ, ೨ ಸೆಂ.ಮೀ. ಎತ್ತರದ ತಗಡಿನ ತೊಟ್ಟಿ. ಅಂಚಿನವರೆಗೆ ನೀರು ತುಂಬಿ, ಅಡ್ಡಲಾಗಿಟ್ಟ ತಗಡಿನ ಪಟ್ಟಿಯನ್ನು ಸರಿಸುತ್ತ ಜಿಡ್ಡು ಹರಡಿದ ಮೇಲ್ಮೈಯನ್ನು ಕಿರಿದಾಗಿಸುತ್ತಿದ್ದರು. ನೀರಿಗೆ ತಾಗಿದ ಪುಟ್ಟ ಬಿಲ್ಲೆಯನ್ನು ಎತ್ತಲು ಬೇಕಾಗುವ ಬಲವನ್ನು ತಕ್ಕಡಿಯಿಂದ ಅಳೆದು ಮೇಲ್ಮೈ ಎಳೆತವನ್ನು ತಿಳಿಯುತ್ತಿದ್ದರು. ಪದರದ ವಿಸ್ತಾರ ಒಂದು ಮಿತಿಗಿಂತ ತಗ್ಗಿದೊಡನೆ ಈ ಎಳೆತ ಥಟ್ಟನೆ ಕುಸಿಯುತ್ತಿತ್ತು. ಅಣುಗಳು ಒಂದಕ್ಕೊಂದು ಒತ್ತಿಕೊಳ್ಳುವ ಹಂತವದು.

ವರ್ಷಗಳ ಕಾಲ ಪ್ರಕಟವಾಗದೆ ಉಳಿದಿದ್ದ ಈ ಫಲಿತಾಂಶಗಳನ್ನು ೧೮೯೧ರ ಜನವರಿಯಲ್ಲಿ ಪತ್ರದ ಮೂಲಕ ಲಾರ್ಡ್ ರೇಲಿಯವರಿಗೆ ತಿಳಿಸಿದರು. ಪದವಿಯಿಲ್ಲದ ಅಪರಿಚಿತೆಯ ಪತ್ರವೆಂದು ಬದಿಗಿಡದೆ, ರೇಲಿ ಅದರ ಇಂಗ್ಲಿಷ್ ಅನುವಾದವನ್ನು ‘ನೇಚರ್’ ಪತ್ರಿಕೆಗೆ ಕಳುಹಿಸಿದರು. ಮಾರ್ಚ್‌ನಲ್ಲಿ ಅದು ಪ್ರಕಟವಾಯಿತು.

ಈ ತೊಟ್ಟಿಯನ್ನು ಸುಧಾರಿಸಿ ಬಳಸಿದ ಅಮೆರಿಕದ ಇರ್ವಿಂಗ್ ಲ್ಯಾಂಗ್ಮ್ಯೂರ್ ೧೯೩೨ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ತೊಟ್ಟಿಗೂ ಅವರ ಹೆಸರೇ ನಿಂತಿತು. ಅದೇ ವರ್ಷ ಎಪ್ಪತ್ತರ ಪೊಕೆಲ್ಸ್ ಅವರಿಗೆ ಬ್ರೌನ್‌ಶ್ವೈಗ್‌ನ ತಾಂತ್ರಿಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಅಣುಪದರಗಳು ನೀರಿನಲ್ಲಿರುವ ಅಮೈನೊ ಆಮ್ಲಗಳನ್ನು ಗುರುತಿಸಿ ಬಂಧಿಸುವ ಬಗೆಯನ್ನು ಇಂದಿಗೂ ಇಂಥ ತೊಟ್ಟಿಗಳಲ್ಲೇ ಪರೀಕ್ಷಿಸುತ್ತಾರೆ: ಪದರವನ್ನು ಒತ್ತಿದಂತೆ ಅಣುಗಳ ನಡುವಿನ ಎಡೆ ಬದಲಾಗಿ, ವ್ಯಾಲೀನ್‌ನಂಥ ಆಮ್ಲದ ಎಡ–ಬಲ ರೂಪಗಳಲ್ಲಿ ಯಾವುದು ಹೆಚ್ಚು ಅಂಟುತ್ತದೆ ಎಂಬುದೂ ಬದಲಾಗಬಲ್ಲದು.